ಮಲ್ಲಿತಮ್ಮ, ಅವನ ಕಲ್ಲು ಮತ್ತು ನಮ್ಮ ಗ್ರೈಂಡರ್

(ಮೈಸೂರಿನಲ್ಲಿ ಶಿಲ್ಪಕಲೆಯ ವಿದ್ಯಾರ್ಥಿಗಳ ಮುಂದೆ ಒಬ್ಬ ಶಿಲ್ಪಿ ಆಡಿದ ಮಾತುಗಳ ಬರಹ ರೂಪ)

ನನಗೆ ಕೊಟ್ಟಿರುವ ವಿಷಯ ‘ಶಿಲ್ಪಿಯ ಬದುಕು ಮತ್ತು ಪ್ರಕೃತಿ’. ಇಂಥ ವಿಷಯ ಕೊಟ್ಟರೆ ನಮ್ಮವರು ತಮ್ಮದೇ ಕಥೆ ಹೇಳಿಕೊಳ್ಳುತ್ತಾರೆ. ಕೊನೆಗೆ ಹೂವು, ಹಕ್ಕಿ, ಹೊಳೆ ಅಂತ ಒಂದೆರಡು ಮಾತು ಸೇರಿಸಿ ಮುಗಿಸುತ್ತಾರೆ. ನಾನು ಬೇರೆಯವನ ಕಥೆ ಹೇಳುತ್ತೇನೆ. ಅವನ ಹೆಸರು ಮಲ್ಲಿತಮ್ಮ. ಎಂಟುನೂರು ವರ್ಷದ ಹಿಂದೆ ನಮ್ಮ ಮೈಸೂರು, ಮಂಡ್ಯ, ಹಾಸನದ ಕಡೆ ಗುಡಿಗಳಲ್ಲಿ ಕೆಲಸ ಮಾಡಿದ ಶಿಲ್ಪಿ. ಅವನ ಕೈಗೆ ಹೂವು, ಹಕ್ಕಿಗಿಂತ ಮೊದಲು ಸಿಕ್ಕ ಪ್ರಕೃತಿ ಕಲ್ಲು. ಆದ್ದರಿಂದ ಇವತ್ತು ಮಾತು ಜಾಸ್ತಿ ಕಲ್ಲಿನದ್ದೇ ಇರುತ್ತದೆ.

ಮೊದಲು ಹತ್ತಿರದ್ದನ್ನು ನೋಡೋಣ. ಚಾಮುಂಡಿ ಬೆಟ್ಟದ ನಂದಿಯನ್ನು ನೋಡದವರು ಇಲ್ಲಿ ಯಾರೂ ಇರಲಾರರು. 17ನೇ ಶತಮಾನದಲ್ಲಿ, ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಆಗಿದ್ದು. ಎತ್ತರ ಸುಮಾರು 16 ಅಡಿ, ಉದ್ದ 24–25 ಅಡಿ. ಎಲ್ಲಿಂದಲೋ ತಂದು ಕೂರಿಸಿದ ಮೂರ್ತಿಯಲ್ಲ ಅದು. ಬೆಟ್ಟದ ಬಂಡೆಯನ್ನೇ ಇದ್ದ ಜಾಗದಲ್ಲಿ ಕಡೆದಿದ್ದಾರೆ. ಅಷ್ಟು ಕಪ್ಪಾಗಿ ಕಾಣುವುದಕ್ಕೆ ಕಾರಣ ತಲೆಮಾರುಗಳಿಂದ ಹಚ್ಚಿದ ಎಣ್ಣೆ. ಒಳಗಿರುವುದು ಬೆಟ್ಟದ ಗ್ರಾನೈಟ್. ಭೂವಿಜ್ಞಾನಿಗಳ ಲೆಕ್ಕದಲ್ಲಿ ಆ ಗ್ರಾನೈಟಿಗೆ ಸುಮಾರು 80 ಕೋಟಿ ವರ್ಷ.

ಮುಂದಿನ ಸಲ ಹೋದಾಗ ಸೆಲ್ಫಿ ತೆಗೆದ ಮೇಲೆ ಒಂದು ಸುತ್ತು ಬನ್ನಿ. ಕೊರಳಿನ ಗಂಟೆಸರ ನೋಡಿ. ಅದು ಮೈಗೆ ಅಂಟಿಕೊಂಡೇ ಇದೆ. ಮೈಬಿಟ್ಟು ನೇತಾಡುವಂತೆ ಯಾವುದನ್ನೂ ಕಡೆದಿಲ್ಲ. ಇಡೀ ನಂದಿಯೇ ಒಂದು ದುಂಡನೆಯ ಗುಡ್ಡದ ಹಾಗೆ ಕೂತಿದೆ. ಬಂಡೆಯ ಮೈ ಎಲ್ಲಿ ಮುಗಿದು ಎತ್ತಿನ ಮೈ ಎಲ್ಲಿ ಶುರುವಾಯಿತು ಅಂತ ಕೆಲವು ಕಡೆ ಹೇಳುವುದೇ ಕಷ್ಟ.

ಈಗ ಬನ್ನೂರು ದಾಟಿ ಸೋಮನಾಥಪುರಕ್ಕೆ ಹೋಗಿ. 1258ರಲ್ಲಿ ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ಗುಡಿ. ಅಲ್ಲಿ ಹಾರ ಎದೆಯಿಂದ ಬಿಟ್ಟು ನಿಂತಿದೆ. ಅದರ ಹಿಂದೆ ನೆರಳು ಬೀಳುತ್ತದೆ. ಮೂರ್ತಿಯ ತಲೆಯ ಮೇಲಿನ ಬಳ್ಳಿಯ ಚಪ್ಪರದಲ್ಲಿ ಎಲೆಯ ಕೆಳಗೆ ಎಲೆ, ಅದರ ಕೆಳಗೆ ಮತ್ತೊಂದು ಎಲೆ. ಇದು ನಂದಿಗಿಂತ ನಾಲ್ಕು ಶತಮಾನ ಹಿಂದಿನ ಕೆಲಸ. ಹಾಗಾದರೆ ಆ ನಾಲ್ಕು ಶತಮಾನದಲ್ಲಿ ನಮ್ಮವರ ಕೈ ಕೆಟ್ಟುಹೋಯಿತಾ? ಪ್ರವಾಸಿಗರ ಬಾಯಲ್ಲಿ ಈ ಮಾತು ಎಷ್ಟೋ ಸಲ ಕೇಳಿದ್ದೇನೆ. ‘ಹೊಯ್ಸಳರ ಕಾಲದಲ್ಲಿ ಎಂಥ ಕೈಚಳಕ, ಆಮೇಲೆ ಹೋಯ್ತು’ ಅಂತ. ಹಾಗೇನೂ ಆಗಿಲ್ಲ. ಕಲ್ಲು ಬದಲಾಗಿತ್ತು, ಅಷ್ಟೇ.

ಸ್ವಲ್ಪ ವಿಜ್ಞಾನ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಖನಿಜಗಳ ಗಡಸುತನ ಅಳೆಯಲು 1ರಿಂದ 10ರವರೆಗೆ ಒಂದು ಅಳತೆ ಇದೆ. ಗ್ರಾನೈಟಿನಲ್ಲಿರುವ ಕ್ವಾರ್ಟ್ಜ್ 7, ಫೆಲ್ಡ್‌ಸ್ಪಾರ್ 6. ಹದ ಕೊಟ್ಟ ಉಳಿಯ ಗಡಸುತನವೂ ಸುಮಾರು ಅಲ್ಲೇ ಇರುತ್ತದೆ. ಹಾಗಾಗಿ ಉಳಿ ಗ್ರಾನೈಟನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಹರಳು ಹರಳಾಗಿ ಪುಡಿ ಮಾಡಿ ತೆಗೆಯಬೇಕು. ಮೊನೆ ಬೇಗ ಸವೆಯುತ್ತದೆ, ಮತ್ತೆ ಕುಲುಮೆಗೆ ಹಾಕಿ ಹದ ಮಾಡಬೇಕು. ತೆಳುವಾಗಿ ಬಿಡಿಸಹೋದರೆ ಏಟಿನ ಅದುರಿಗೇ ತುಂಡು ಹಾರಿಹೋಗುತ್ತದೆ.

ಸೋಮನಾಥಪುರದ್ದು ಬಳಪದ ಕಲ್ಲು. ಅದರಲ್ಲಿರುವುದು ಟಾಲ್ಕ್, ಕ್ಲೋರೈಟ್‌ನಂಥ ಮೆದು ಖನಿಜ. ಟಾಲ್ಕ್‌ನ ಗಡಸುತನ ಬರೀ 1. ಗಣಿಯಿಂದ ಹೊಸದಾಗಿ ಬಂದಾಗ ಈ ಕಲ್ಲು ಇನ್ನೂ ಮೆದು. ಗಾಳಿಗೆ ಬಿಟ್ಟ ಮೇಲೆ ನಿಧಾನಕ್ಕೆ ಬಿಗಿಯಾಗುತ್ತದೆ. ಹೊಸ ಕಲ್ಲಿನ ಮೇಲೆ ಕೆಲಸ ಮಾಡುವುದು ಹೇಗಿರುತ್ತದೆ ಅಂದರೆ, ಮಂಡ್ಯದ ಬೆಲ್ಲದ ಅಚ್ಚನ್ನು ಚಾಕುವಿನಲ್ಲಿ ಕೆರೆದ ಹಾಗೆ. ಕೊರೆಯಬಹುದು, ಹೆರೆಯಬಹುದು. ತಿರುಗಣಿಗೆ, ಅಂದರೆ ಲೇತಿಗೆ, ಹಾಕಿ ಕಡೆಯಲೂಬಹುದು. ಹೊಯ್ಸಳ ಗುಡಿಗಳ ಒಳಗಿನ ದುಂಡು ಕಂಬಗಳಿಗೆ ಆ ನುಣುಪು, ಆ ಬಳೆಬಳೆಯಂಥ ಏರಿಳಿತ ಬಂದದ್ದು ತಿರುಗಣಿಯಿಂದ. ಗ್ರಾನೈಟಿನಲ್ಲಿ ಅದನ್ನು ಯೋಚಿಸುವ ಧೈರ್ಯವೂ ಆ ಕಾಲದಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಈ ಬಳಪದ ಕಲ್ಲು ಸಿಗುವುದು ಎಲ್ಲಿ? ನಮ್ಮ ಕಾಲ ಕೆಳಗಿನ ನೆಲ ಹೆಚ್ಚು ಕಡಿಮೆ 300 ಕೋಟಿ ವರ್ಷ ಹಳೆಯ ಶಿಲೆ. ಅದರ ನಡುವೆ ಪಟ್ಟಿ ಪಟ್ಟಿಯಾಗಿ ಬೇರೆ ಜಾತಿಯ ಕಲ್ಲು ಹಾದುಹೋಗಿದೆ. ಎಚ್‌.ಡಿ. ಕೋಟೆಯ ಸರಗೂರು ಕಡೆ ಒಂದು, ಹೊಳೆನರಸೀಪುರದ ಕಡೆ ಒಂದು, ನುಗ್ಗೇಹಳ್ಳಿಯ ಕಡೆ ಒಂದು, ಕೆ.ಆರ್‌. ಪೇಟೆಯ ಕಡೆ ಒಂದು. ಬಳಪದ ಕಲ್ಲು ಸಿಗುವುದು ಇಂಥ ಪಟ್ಟಿಗಳಲ್ಲಿ. ಒಂದು ಭೂವಿಜ್ಞಾನದ ನಕ್ಷೆ ತೆಗೆದುಕೊಂಡು ಅದರ ಮೇಲೆ ಹೊಯ್ಸಳ ಗುಡಿಗಳ ಊರುಗಳನ್ನು ಗುರುತು ಮಾಡಿ ನೋಡಿ. ನಾನು ನನ್ನ ವಿದ್ಯಾರ್ಥಿಗಳಿಂದ ಮೊದಲು ಮಾಡಿಸುವ ಕೆಲಸವೇ ಇದು. ಉಳಿ ಆಮೇಲೆ.

ನಮ್ಮ ನೆಲದ ಕಲ್ಲಿಗೆ ಈಗ ಇದ್ದಕ್ಕಿದ್ದಂತೆ ಹೆಸರು ಬಂದಿದೆ. 2024ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ 51 ಇಂಚಿನ ಬಾಲರಾಮ ನಮ್ಮ ಮೈಸೂರು ತಾಲ್ಲೂಕಿನ ಜಯಪುರ ಹೋಬಳಿಯ ಕೃಷ್ಣಶಿಲೆ ಎಂಬ ಕಪ್ಪು ಕಲ್ಲಿನಲ್ಲಿ ಆದದ್ದು. ಕಡೆದ ಅರುಣ್ ಯೋಗಿರಾಜ್ ಇದೇ ಊರಿನವರು. ಎಂಬಿಎ ಓದಿ, ಕಂಪನಿ ಕೆಲಸಕ್ಕೆ ಸೇರಿ, ಅದನ್ನು ಬಿಟ್ಟು ಅಪ್ಪ, ಅಜ್ಜನ ಉಳಿಗೆ ಮರಳಿದವರು. ಅವರ ಕಥೆ ನಿಮಗೆಲ್ಲ ಬಾಯಿಪಾಠವಾಗಿದೆ, ನಾನು ಹೇಳುವುದು ಬೇಡ. ಮಲ್ಲಿತಮ್ಮನ ಕಥೆ ಹಾಗಲ್ಲ.

ಜಕಣಾಚಾರಿಯನ್ನು ನಾವು ಬಲ್ಲದ್ದು ಕಥೆಯಿಂದ. ಮಲ್ಲಿತಮ್ಮ ಕಲ್ಲಿನಲ್ಲಿ ತಾನೇ ಹೆಸರು ಬರೆದಿಟ್ಟಿದ್ದಾನೆ. ಆ ಹೆಸರು ಹಿಡಿದು ಹೋದರೆ ಅವನ ದಾರಿ ಕಾಣುತ್ತದೆ. ಮೊದಲು ಕಾಣುವುದು ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ, 1196ರ ಅಮೃತೇಶ್ವರ ಗುಡಿಯಲ್ಲಿ. ಅಲ್ಲಿ ಅವನ ಕೆಲಸ ಮಂಟಪದ ಭುವನೇಶ್ವರಿಗಳದ್ದು, ಕೆತ್ತನೆಯ ಒಳಚಾವಣಿಗಳದ್ದು. ಅಂದರೆ ಕತ್ತೆತ್ತಿ ನೋಡುವ ಕೆಲಸ. 1246ರಲ್ಲಿ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿ. ಮಂಡ್ಯ ಜಿಲ್ಲೆಯ ಗೋವಿಂದನಹಳ್ಳಿಯ ಪಂಚಲಿಂಗೇಶ್ವರದಲ್ಲೂ ಅವನ ಹೆಸರಿದೆ. ಕೊನೆಗೆ ಸೋಮನಾಥಪುರ. ಅಲ್ಲಿ ಅವನ ಸಹಿ ಇರುವ ಮೂರ್ತಿಗಳು ನಲವತ್ತರ ಹತ್ತಿರ. ಚೌಡೆಯ, ಬಾಲೆಯ, ಮಸಣಿತಮ್ಮ ಅಂತ ಬೇರೆ ಹೆಸರುಗಳೂ ಇವೆ. ಆದರೆ ಯಾರದ್ದೂ ಇಷ್ಟಿಲ್ಲ.

1196ರಿಂದ 1258. ಅಂದರೆ 62 ವರ್ಷ. ಒಬ್ಬನೇ ಮನುಷ್ಯನಾ ಅಂತ ಕೇಳುವವರು ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. ನಮ್ಮ ಶಿಲ್ಪಿಗಳ ಮನೆಗಳಲ್ಲಿ ಹತ್ತು ಹನ್ನೆರಡು ವರ್ಷಕ್ಕೇ ಹುಡುಗರು ಉಳಿ ಹಿಡಿಯುತ್ತಾರೆ. ಅಮೃತಾಪುರದಲ್ಲಿ ಅವನಿಗೆ 15 ಅಂದುಕೊಳ್ಳಿ. ಸೋಮನಾಥಪುರದ ಹೊತ್ತಿಗೆ 77. ಆ ವಯಸ್ಸಿನಲ್ಲಿ ಕೈ ನಡುಗುತ್ತದೆ, ಕಣ್ಣು ನಡುಗುವುದಿಲ್ಲ. ನನಗೆ ಅನ್ನಿಸುವುದು ಇಷ್ಟು: ಆ ಹೊತ್ತಿಗೆ ‘ಮಲ್ಲಿತಮ್ಮ’ ಅನ್ನುವುದು ಒಬ್ಬನ ಹೆಸರಿಗಿಂತ ಜಾಸ್ತಿ ಒಂದು ಕಾರ್ಖಾನೆಯ ಹೆಸರಾಗಿತ್ತು. ಆ ಮೂರ್ತಿಗಳಲ್ಲಿ ನನ್ನ ಕಣ್ಣಿಗೆ ಒಂದೇ ಕೈ ಕಾಣುವುದಿಲ್ಲ. ಕೆಲವು ಮುಖಗಳಲ್ಲಿ ಬಹಳ ನಿಧಾನವಿದೆ, ಕೆಲವು ಅವಸರದಲ್ಲಿ ಮುಗಿದಿವೆ. ಹೀಗೆ ಹೇಳಿದರೆ ಇತಿಹಾಸದ ಮೇಷ್ಟ್ರುಗಳು ಒಪ್ಪಬೇಕಾಗಿಲ್ಲ. ನಾನು ಉಳಿ ಹಿಡಿಯುವವನಾಗಿ ಹೇಳುತ್ತಿದ್ದೇನೆ.

ಸಹಿಯ ಬಗ್ಗೆ ಇನ್ನೊಂದು ಮಾತು. ಬೇಲೂರಿನ ಶಿಲ್ಪಿ ಚಾವಣ ತನ್ನ ಹೆಸರಿನ ಜೊತೆ ಒಂದು ಬಿರುದು ಹಾಕಿಕೊಂಡಿದ್ದಾನೆ. ಬಿರುದು ಹೊತ್ತ ಶಿಲ್ಪಿಗಳೆಲ್ಲ ಮನ್ಮಥರು, ನಾನು ಅವರನ್ನು ಸುಡುವ ಶಿವ ಅಂತ. ಈಗಿನ ಫ್ಲೆಕ್ಸ್ ಬೋರ್ಡುಗಳು ಎಷ್ಟೋ ವಾಸಿ ಅನ್ನಿಸುತ್ತದೆ, ಅಲ್ವಾ! ಮಲ್ಲಿತಮ್ಮ ಹಾಗಲ್ಲ. ಹೆಸರು ಬರೆಯುತ್ತಾನೆ. ಜಾಗ ಕಡಿಮೆಯಿದ್ದರೆ ‘ಮಲ್ಲಿ’ ಅನ್ನುತ್ತಾನೆ. ಒಮ್ಮೊಮ್ಮೆ ಬರೀ ‘ಮ’. ಕೂಲಿ ಲೆಕ್ಕಕ್ಕೆ ಹಾಕಿದ ಗುರುತು ಅಂತ ಕೆಲವರು ಹೇಳುತ್ತಾರೆ. ಇರಬಹುದು. ಅದರಿಂದ ಅವನ ಮೇಲಿನ ನನ್ನ ಗೌರವವೇನೂ ಕಡಿಮೆಯಾಗುವುದಿಲ್ಲ.

ನುಗ್ಗೇಹಳ್ಳಿಗೆ ನೀವು ಹೋಗಲೇಬೇಕು. ಅಲ್ಲಿ ಉತ್ತರದ ಗೋಡೆ ಮಲ್ಲಿತಮ್ಮನದು, ದಕ್ಷಿಣದ್ದು ಬೈಚೋಜ ಎಂಬ ಇನ್ನೊಬ್ಬ ಶಿಲ್ಪಿಯದು. ಒಂದೇ ಗುಡಿ, ಒಂದೇ ಕಲ್ಲು, ಒಂದೇ ದೇವರುಗಳು. ಕಲ್ಲು ಎಲ್ಲವನ್ನೂ ತೀರ್ಮಾನ ಮಾಡುತ್ತದೆ ಅಂತ ನಾನು ಹೇಳಲು ಹೊರಟರೆ ಆ ಗುಡಿಯೇ ನನ್ನ ಬಾಯಿ ಮುಚ್ಚಿಸುತ್ತದೆ. ಎರಡು ಗೋಡೆಗಳೂ ಬೇರೆ ಬೇರೆ. ಬೈಚೋಜನ ಮೂರ್ತಿಗಳಲ್ಲಿ ಮೈ ಕಾಣುತ್ತದೆ, ಮಲ್ಲಿತಮ್ಮನಲ್ಲಿ ಒಡವೆ ಮುಂದೆ ಬರುತ್ತದೆ. ಎರಡರಲ್ಲಿ ಯಾವುದು ಇಷ್ಟ ಅಂತ ಕೇಳಿದರೆ ನನ್ನ ಓಟು ದಕ್ಷಿಣಕ್ಕೆ. ಹೌದು, ನಾನು ಇವತ್ತು ಹೊಗಳಲು ಬಂದಿರುವುದು ಉತ್ತರದವನನ್ನೇ. ಬಳಪದ ಕಲ್ಲು ಬೇಡ ಅನ್ನುವುದಿಲ್ಲ. ಕೇಳಿದ್ದೆಲ್ಲ ಕೊಡುತ್ತದೆ. ಅದೇ ಅದರ ಅಪಾಯ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಶಿಲ್ಪಿಯೇ ಕಂಡುಕೊಳ್ಳಬೇಕು. ಮಲ್ಲಿತಮ್ಮ ಕೆಲವು ಸಲ ನಿಲ್ಲಿಸಿಲ್ಲ.

ಈಗ ಹೂವು, ಹಕ್ಕಿಗೆ ಬರೋಣ. ಸೋಮನಾಥಪುರದ ಒಳಗೆ ಹೋಗಿ ಮೇಲೆ ನೋಡಿದರೆ ಭುವನೇಶ್ವರಿಗಳಲ್ಲಿ ಬಾಳೆಹೂವು ಇಳಿಬಿದ್ದಿದೆ. ಒಂದರಲ್ಲಿ ಮುಚ್ಚಿದ ಮೊಗ್ಗು, ಇನ್ನೊಂದರಲ್ಲಿ ಪದರ ಬಿಚ್ಚುತ್ತಿದೆ. ಹೊರಗೆ ಕಾವೇರಿ ಬಯಲಿನ ಬಾಳೆತೋಟ. ನೋಡಿ ಕಡೆದರು ಅಂತ ಅನುಮಾನವೇ ಇಲ್ಲ. ಗರ್ಭಗುಡಿಯ ವೇಣುಗೋಪಾಲನ ಬಳಿ ಹಸುಗಳು ಕೊಳಲು ಕೇಳಲು ಕತ್ತು ಚಾಚಿರುವುದನ್ನು ನೋಡಿ. ಹಟ್ಟಿಯಲ್ಲಿ ಹಸು ಕಂಡವನು ಮಾತ್ರ ಹಾಗೆ ಕಡೆಯಬಲ್ಲ.

ಆದರೆ ಅದೇ ಗುಡಿಯ ಹೊರಗೋಡೆಯ ಪಟ್ಟಿಕೆಯಲ್ಲಿ ಆನೆ, ಕುದುರೆಯ ಸಾಲಿನ ಮೇಲೆ ಮಕರದ ಸಾಲು ಬರುತ್ತದೆ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನ ಗರಿ. ಯಾವ ಕಾಡಿನಲ್ಲೂ ಇಲ್ಲದ ಪ್ರಾಣಿ. ಅದೇ ಕೈ, ಅದೇ ಉಳಿ. ಕಂಡದ್ದನ್ನು ಕಡೆಯುತ್ತಾ ಕಡೆಯುತ್ತಾ ಕಾಣದ್ದಕ್ಕೂ ಕೈ ಹಾಕಿದ್ದಾರೆ. ಆದರೂ ಮಕರದ ಒಂದೊಂದು ಭಾಗವೂ ಕಂಡದ್ದೇ. ಇದನ್ನು ಮರೆಯಬೇಡಿ.

ಇದನ್ನು ಮರೆತವರಿಂದ ಒಂದು ದೊಡ್ಡ ಜಗಳವೇ ಆಯಿತು. ಹೊಯ್ಸಳ ಗುಡಿಗಳ ಕೆಲವು ಮೂರ್ತಿಗಳ ಕೈಯಲ್ಲಿ ಉದ್ದನೆಯ, ಮೈತುಂಬ ಕಾಳು ಪೋಣಿಸಿದಂಥ ಒಂದು ಹಣ್ಣಿದೆ. ಸೋಮನಾಥಪುರದಲ್ಲೂ ಇದೆ. ಅಮೆರಿಕದ ಭೂಗೋಳ ವಿದ್ವಾಂಸ ಕಾರ್ಲ್ ಜೊಹಾನೆಸೆನ್ ಅದನ್ನು ನೋಡಿ, ಇದು ಮುಸುಕಿನಜೋಳದ ತೆನೆ ಅಂದರು. 1989ರಲ್ಲಿ ಲೇಖನವನ್ನೂ ಪ್ರಕಟಿಸಿದರು. ಮುಸುಕಿನಜೋಳ ಅಮೆರಿಕದ ಬೆಳೆ. ಕೊಲಂಬಸ್ ಅಲ್ಲಿಗೆ ಹೋದದ್ದು 1492ರಲ್ಲಿ. ಹಾಗಾದರೆ ಅದಕ್ಕೆ ಇನ್ನೂರು ವರ್ಷ ಮೊದಲೇ ಆ ತೆನೆ ನಮ್ಮ ಟಿ. ನರಸೀಪುರದ ಕಡೆ ಬಂದಿತ್ತಾ? ಪ್ರಪಂಚದ ಬೆಳೆಗಳ ಚರಿತ್ರೆಯೇ ಬದಲಾಗಬೇಕಿತ್ತು. 1993ರಲ್ಲಿ ಪಾಯಕ್ ಮತ್ತು ಸಚಾನ್ ಎಂಬ ನಮ್ಮ ದೇಶದ ವಿಜ್ಞಾನಿಗಳು ಅದಕ್ಕೆ ಉತ್ತರ ಬರೆದರು. ಅದು ತೆನೆಯಲ್ಲ, ಮುತ್ತುಗಳಿಂದ ಕಲ್ಪಿಸಿದ ಮುಕ್ತಾಫಲ ಅಂತ.

ನಾನು ಎರಡನೆಯವರ ಪಕ್ಷ. ನನ್ನ ಕಾರಣ ಸಸ್ಯಶಾಸ್ತ್ರದ್ದಲ್ಲ. ಆ ಕೈಯ ಬಳೆ, ಕಿರೀಟ, ಸೊಂಟದ ಪಟ್ಟಿ ಎಲ್ಲ ಕಡೆಯೂ ಅದೇ ಮುತ್ತಿನ ಸಾಲುಗಳಿವೆ. ಬಳಪದ ಕಲ್ಲಿನಲ್ಲಿ ಸಣ್ಣ ಗುಂಡು ಬಿಡಿಸುವುದು ಕೈಗೆ ಒಂದು ಚಟವಾಗಿಬಿಡುತ್ತದೆ. ಜಾಗ ಖಾಲಿ ಕಂಡರೆ ಗುಂಡು ಬಿಡಿಸುತ್ತೀರಿ. ಒಂದು ಹಣ್ಣಿನ ಮೇಲೂ ಬಿಡಿಸುತ್ತೀರಿ. ಗಿಡದಲ್ಲಿ ಕಂಡದ್ದು ಎಷ್ಟು, ಉಳಿ ಸೇರಿಸಿದ್ದು ಎಷ್ಟು ಅಂತ ಬಿಡಿಸಿ ನೋಡದಿದ್ದರೆ ದೊಡ್ಡ ವಿದ್ವಾಂಸರೂ ಹೀಗೆ ಎಡವುತ್ತಾರೆ.

ಕಲ್ಲಿನ ಹೊಟ್ಟೆಯ ಬಗ್ಗೆಯೂ ಹೇಳಬೇಕು. ಕಪ್ಪೆ ಚೆನ್ನಿಗರಾಯನ ಕಥೆ ಎಲ್ಲರಿಗೂ ಗೊತ್ತು. ಜಕಣಾಚಾರಿ ಕಡೆದ ಮೂರ್ತಿಗೆ ಗಂಧ ಬಳಿದರೆ ಹೊಕ್ಕುಳ ಹತ್ತಿರ ಮಾತ್ರ ಒಣಗಲಿಲ್ಲ, ಒಡೆದರೆ ನೀರು, ಮರಳು, ಕಪ್ಪೆ. ಕಥೆ ನಿಜವೋ ಸುಳ್ಳೋ ಬಿಡಿ. ಅದರಲ್ಲಿರುವ ಪರೀಕ್ಷೆ ನಿಜ. ನಾವು ಈಗಲೂ ಬಂಡೆಗೆ ನೀರು ಸುರಿದು ಕಾಯುತ್ತೇವೆ. ಎಲ್ಲ ಒಣಗಿದ ಮೇಲೆ ಒಂದು ಗೆರೆ ಮಾತ್ರ ಹಸಿಯಾಗಿದ್ದರೆ ಅಲ್ಲಿ ಬಿರುಕು. ಸುತ್ತಿಗೆಯಲ್ಲಿ ತಟ್ಟಿ ದನಿ ಕೇಳುತ್ತೇವೆ. ಶಿಲ್ಪಶಾಸ್ತ್ರದಲ್ಲಿ ದನಿ ನೋಡಿ ಗಂಡು ಕಲ್ಲು, ಹೆಣ್ಣು ಕಲ್ಲು, ಎರಡೂ ಅಲ್ಲದ ಕಲ್ಲು ಅಂತ ವಿಂಗಡಿಸುತ್ತಾರೆ. ಗಂಟೆಯ ಹಾಗೆ ಮೊಳಗಿದರೆ ಗಂಡು, ತಾಳದ ಹಾಗೆ ಕೇಳಿದರೆ ಹೆಣ್ಣು, ಮಂಕಾಗಿ ದೊಪ್ಪೆಂದರೆ ಮೂರನೆಯದು. ಆ ಮೂರನೆಯದರಲ್ಲಿ ಮೂರ್ತಿ ಮಾಡುವುದಿಲ್ಲ. ಇದನ್ನು ಮೂಢನಂಬಿಕೆ ಅನ್ನುವವರು ಒಡೆದ ಕಲ್ಲನ್ನೂ ಗಟ್ಟಿ ಕಲ್ಲನ್ನೂ ಒಮ್ಮೆ ತಟ್ಟಿ ನೋಡಲಿ.

ಗ್ರಾನೈಟಿಗೆ ಮತ್ತೆ ಬರುತ್ತೇನೆ. ಬೇಡ ಅನ್ನುವ ಕಲ್ಲು ಶಿಲ್ಪಿಗೆ ಏನು ಕಲಿಸುತ್ತದೆ ಅಂತ ನೋಡಲು ಗೊಮ್ಮಟನಿಗಿಂತ ಒಳ್ಳೆಯ ಮೂರ್ತಿ ಇಲ್ಲ. ಶ್ರವಣಬೆಳಗೊಳದ್ದು 981ರದ್ದು, ಗಂಗರ ಮಂತ್ರಿ ಚಾವುಂಡರಾಯ ಮಾಡಿಸಿದ್ದು. ಅದೂ ಬೆಟ್ಟದ ತುದಿಯ ಬಂಡೆಯೇ. ದೂರ ಅನ್ನಿಸಿದರೆ ಇಲವಾಲದ ಆಚೆ ಗೊಮ್ಮಟಗಿರಿ ಇದೆ. ಮದ್ದೂರು ಕಡೆಯವರಿಗೆ ಆರೆತಿಪ್ಪೂರಿನ ಗೊಮ್ಮಟನಿದ್ದಾನೆ. ಮೈಮೇಲೆ ಬಟ್ಟೆಯಿಲ್ಲ, ಒಡವೆಯಿಲ್ಲ. ಶ್ರವಣಬೆಳಗೊಳದಲ್ಲಿ ಅಷ್ಟು ದೊಡ್ಡ ಮೈಗೆ ಇರುವ ಅಲಂಕಾರ ಅಂದರೆ ತೊಡೆ, ತೋಳಿಗೆ ಹಬ್ಬಿದ ಬಳ್ಳಿ ಮತ್ತು ಕಾಲ ಬಳಿಯ ಹುತ್ತ, ಹಾವು. ಧರ್ಮ ಕೇಳಿದ್ದೂ ಅದೇ, ಕಲ್ಲು ಕೊಟ್ಟಿದ್ದೂ ಅದೇ. ಹಾಗೆ ಎರಡೂ ಒಟ್ಟಿಗೆ ಕೂಡಿಬರುವುದು ಅಪರೂಪ.

ಕಲ್ಲೇ ಇಲ್ಲದ ಕಡೆ ಏನು ಮಾಡುವುದು? ಬಂಗಾಳದ ಶಾಂತಿನಿಕೇತನದ ಶಿಲ್ಪಿ ರಾಮ್‌ಕಿಂಕರ್ ಬೈಜ್ ಅವರನ್ನು ನೋಡಿ. ಅಲ್ಲಿ ಬಂಡೆಯಿಲ್ಲ, ಕಂಚಿಗೆ ದುಡ್ಡಿಲ್ಲ. ಕೆಂಪು ಜಂಬಿಟ್ಟಿಗೆ ನೆಲ, ಅದರ ಜಲ್ಲಿ. ಅದಕ್ಕೆ ಸಿಮೆಂಟು ಕಲಸಿ 1938ರಲ್ಲಿ ಸಂತಾಲ ಬುಡಕಟ್ಟಿನ ಒಂದು ಕುಟುಂಬವನ್ನು ಬಯಲಿನಲ್ಲಿ ನಿಲ್ಲಿಸಿದರು. ಗಂಡ, ಹೆಂಡತಿ, ಮಕ್ಕಳು, ನಾಯಿ, ಸಾಮಾನಿನ ಸಮೇತ ನಡೆದುಹೋಗುತ್ತಿದ್ದಾರೆ. ಮೈ ಎಲ್ಲ ಒರಟು, ಜಲ್ಲಿ ಎದ್ದು ಕಾಣುತ್ತದೆ. ನುಣುಪು ಮಾಡಿದ್ದರೆ ಕೆಟ್ಟೇಹೋಗುತ್ತಿತ್ತು. ನಮ್ಮ ದೇಶದ ಆಧುನಿಕ ಶಿಲ್ಪಕ್ಕೆ ದೊಡ್ಡ ತಿರುವು ಕೊಟ್ಟದ್ದು ಆ ಜಲ್ಲಿ ಮುದ್ದೆ.

ಇನ್ನು ನಮ್ಮ ಕಾಲ. ಈಗ ನಮ್ಮ ಕೈಯಲ್ಲಿ ಕಲ್ಲು ಕೊಯ್ಯುವ ಗ್ರೈಂಡರ್ ಇದೆ. ಡೈಮಂಡ್ ಬ್ಲೇಡಿಗೆ ಗ್ರಾನೈಟೂ ಒಂದೇ, ಬಳಪವೂ ಒಂದೇ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಕ್ಕೆ ಫೈಲ್ ಹಾಕಿದರೆ ರಾತ್ರಿಯೆಲ್ಲ ಅದೇ ಕೊರೆಯುತ್ತದೆ. ನಾನು ಯಂತ್ರದ ವೈರಿಯಲ್ಲ. ನನ್ನ ಭುಜ ಉಳಿದಿರುವುದೇ ಗ್ರೈಂಡರಿನಿಂದ. ಆದರೆ ಮೊದಲ ಸಲ ಕಲ್ಲಿಗೆ ಬೇಡ ಅನ್ನುವ ಶಕ್ತಿ ಹೋಗಿದೆ. ಇತ್ತೀಚೆಗೆ ಒಬ್ಬರು ಬೇಲೂರಿನ ಮದನಿಕೆಯ ಫೋಟೋ ತಂದು, ಇದೇ ಥರ, ಆದರೆ ಗ್ರಾನೈಟಿನಲ್ಲಿ, ಗೇಟಿನ ಮುಂದೆ ನಿಲ್ಲಿಸಲು ಬೇಕು ಅಂದರು. ಮಾಡಬಹುದು. ಮಾಡಿಕೊಡುವವರೂ ಇದ್ದಾರೆ. ಅಂಥವನ್ನು ಬಹಳ ನೋಡಿದ್ದೇನೆ. ಬೆರಳು ತೆಳ್ಳಗಿರುತ್ತದೆ, ಹಾರ ಬಿಡಿಬಿಡಿಯಾಗಿರುತ್ತದೆ. ಗ್ರಾನೈಟಿನ ಬಿಳಿ ಕಪ್ಪು ಚುಕ್ಕೆಗಳ ನಡುವೆ ಆ ಸಣ್ಣ ಕೆಲಸ ಕಣ್ಣಿಗೇ ಬೀಳುವುದಿಲ್ಲ. ಬಳಪದ ಕಲ್ಲು ಒಂದೇ ಬಣ್ಣದ್ದು, ಹರಳು ಸಣ್ಣದು. ಅದಕ್ಕೇ ಅಲ್ಲಿ ನೆರಳು ಗೆರೆಯಾಗಿ ನಿಲ್ಲುತ್ತದೆ. ಒಂದು ಕಲ್ಲಿನ ಭಾಷೆಯನ್ನು ಇನ್ನೊಂದರ ಬಾಯಲ್ಲಿ ಆಡಿಸಿದರೆ ಬರೀ ತೊದಲು.

ಇನ್ನೊಂದು ವಿಷಯ, ಇದು ನಿಮ್ಮ ಆರೋಗ್ಯದ್ದು. ಗ್ರಾನೈಟಿನ ದೂಳಿನಲ್ಲಿ ಸಿಲಿಕಾ ಇದೆ. ಉಳಿಯ ಕಾಲಕ್ಕಿಂತ ಗ್ರೈಂಡರಿನ ಕಾಲದಲ್ಲಿ ಆ ದೂಳು ತುಂಬಾ ನಯ, ಸೀದಾ ಶ್ವಾಸಕೋಶದ ಆಳಕ್ಕೆ ಹೋಗುತ್ತದೆ. ಅದರಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂದರೆ ವಾಸಿಯಾಗುವುದಿಲ್ಲ. ಮುಖಕ್ಕೆ ಟವೆಲ್ ಸುತ್ತಿಕೊಂಡರೆ ಸಾಲದು. ಸರಿಯಾದ ಮಾಸ್ಕ್ ಹಾಕಿ, ನೀರು ಬಿಟ್ಟುಕೊಂಡು ಕೊಯ್ಯಿರಿ. ಕಲೆಯ ಮಾತಿನ ನಡುವೆ ಇದೇನು ಅಂದುಕೊಳ್ಳಬೇಡಿ. ಪ್ರಕೃತಿಯ ಜೊತೆ ನಮ್ಮ ಸಂಬಂಧದಲ್ಲಿ ಇದೂ ಸೇರಿದೆ.

ಮುಂದಿನ ತಿಂಗಳು ಕೆ.ಆರ್‌. ಪೇಟೆ ಕಡೆ ಹೋಗುತ್ತಿದ್ದೇವೆ. ಬರುವವರು ಹೆಸರು ಕೊಡಿ. ಬೆಳಿಗ್ಗೆ ಹೊಸಹೊಳಲು, ಅಲ್ಲಿ ತಿರುಗಣಿಯ ಕಂಬ ನೋಡಬೇಕು. ಆಮೇಲೆ ಕಿಕ್ಕೇರಿಯಲ್ಲಿ 1171ರ ಬ್ರಹ್ಮೇಶ್ವರ. ಊಟ ಮುಗಿಸಿ ಗೋವಿಂದನಹಳ್ಳಿ. ಐದು ಗರ್ಭಗುಡಿ ಸಾಲಾಗಿ ನಿಂತಿರುವ ಗುಡಿ. ಅಲ್ಲಿ ದ್ವಾರಪಾಲಕರ ಪೀಠದಲ್ಲಿ ಮಲ್ಲಿತಮ್ಮನ ಹೆಸರಿದೆ. ಅಕ್ಷರ ಕಾಣಲಿಲ್ಲ ಅಂತ ದಯವಿಟ್ಟು ಸೀಮೆಸುಣ್ಣ ತಿಕ್ಕಬೇಡಿ. ಮೆದು ಕಲ್ಲು ಅಂತ ಇಷ್ಟು ಹೊತ್ತು ಹೇಳಿದ್ದೇನೆ. ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಓದಲು ಬರುತ್ತದೆ.